ಅಬಿಗೇಲ್ ಆಡಮ್ಸ್: ದೇಶಭಕ್ತೆಯೋ, ಸೈನಿಕರ ಸಾಲಪತ್ರ ಅಗ್ಗಕ್ಕೆ ಕೊಂಡ ಜಾಣೆಯೋ?

ಓದುಗುಳಿ
ಎಲ್ರಿಗೂ ನಮಸ್ಕಾರ. ಈಚೆಗೆ ಅಬಿಗೇಲ್ ಆಡಮ್ಸ್ ಪತ್ರಗಳ ಬೆನ್ನು ಹತ್ತಿದ್ದೀನಿ. ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಹೆಂಡತಿ, ಆರನೇ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ತಾಯಿ. ಗಂಡ ಹೆಂಡತಿ ಬರೆದುಕೊಂಡ ಸಾವಿರಕ್ಕೂ ಮಿಕ್ಕಿ ಪತ್ರಗಳು ಉಳಿದಿವೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ.

ಬ್ರಿಟಿಷರ ವಿರುದ್ಧ ನಡೆದ ಅಮೆರಿಕನ್ ಕ್ರಾಂತಿಯ ಕಾಲದ ಮಹಾ ದೇಶಭಕ್ತೆ ಅಂತ ಎಲ್ಲರೂ ಬರೀತಾರೆ. ಗಂಡ 1774ರಿಂದ ಮೊದಲು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ (ಅಮೆರಿಕನ್ ವಸಾಹತುಗಳ ಪ್ರತಿನಿಧಿ ಸಭೆ), ಆಮೇಲೆ ರಾಯಭಾರಿಯಾಗಿ ಫ್ರಾನ್ಸ್, ಹಾಲೆಂಡ್ ಅಂತ ಹೊರಗೇ ಇದ್ದ. ಬಾಸ್ಟನ್ ಹತ್ತಿರದ ಬ್ರೇಂಟ್ರಿಯ ಹೊಲ, ಆಳುಕಾಳು, ನಾಲ್ಕು ಮಕ್ಕಳು, ತೆರಿಗೆ, ಸಾಲ ಎಲ್ಲ ಈಕೆ ತಲೆ ಮೇಲೆ. ಇಲ್ಲಿವರೆಗೂ ತಕರಾರಿಲ್ಲ.

ನನಗೆ ಗಂಟಲಲ್ಲಿ ಸಿಕ್ಕಿಕೊಂಡಿರೋದು ಬೇರೆ. ಯುದ್ಧ ಮಾಡಿದ ಸೈನಿಕರಿಗೆ ಸರ್ಕಾರ ಸಂಬಳದ ಬದಲು ಸಾಲಪತ್ರ ಕೊಟ್ಟಿತು. ಕೈಯಲ್ಲಿ ಕಾಸಿಲ್ಲದ ಅವರು ಅದನ್ನ ಮುಖಬೆಲೆಯ ಸಣ್ಣ ಪಾಲಿಗೆ ಮಾರಿಕೊಂಡರು. ಕೊಂಡವರಲ್ಲಿ ನಮ್ಮ ಅಬಿಗೇಲಮ್ಮನೂ ಇದ್ದಳು! 1786-87ರಲ್ಲಿ ಡೇನಿಯಲ್ ಶೇಸ್ ಮುಂದಾಳತ್ವದಲ್ಲಿ ಮಾಜಿ ಸೈನಿಕರು, ರೈತರು ತೆರಿಗೆ ತಾಳಲಾರದೆ ದಂಗೆ ಎದ್ದರೆ, ಲಂಡನ್‌ನಲ್ಲಿ ಕೂತ ಈಕೆ ಪ್ಯಾರಿಸಿನಲ್ಲಿದ್ದ ಅಮೆರಿಕದ ರಾಯಭಾರಿ ಜೆಫರ್ಸನ್‌ಗೆ ಬರೆದ ಪತ್ರದಲ್ಲಿ ಅವರನ್ನ ಅಜ್ಞಾನಿಗಳು, ಆತ್ಮಸಾಕ್ಷಿ ಇಲ್ಲದ ಪುಂಡರು ಅಂತ ಬೈತಾಳೆ. ಆ ತೆರಿಗೆ ಹೋಗ್ತಿದ್ದದ್ದೇ ಸಾಲಪತ್ರ ಇಟ್ಟುಕೊಂಡವರ ಬಡ್ಡಿಗೆ. ಇದನ್ನ ಯಾವ ಲೆಕ್ಕದಲ್ಲಿ ದೇಶಭಕ್ತಿ ಅನ್ನೋದು?

ಪೇಢೆನಗರಿ
ಅಲ್ರೀ, ಗಂಡ ವರ್ಷಗಟ್ಟಲೆ ಮನ್ಯಾಗ ಇಲ್ಲ. ಕಾಗದದ ರೊಕ್ಕ ದಿನಾ ಬೆಲಿ ಕಳಕೊಳ್ಳಾಕತ್ತೈತಿ. 1780ರಾಗ ಕಾಂಗ್ರೆಸ್ಸೇ ಹೇಳ್ತು, ನಲವತ್ತು ಕಾಗದದ ಡಾಲರ್ ಅಂದ್ರ ಒಂದು ಬೆಳ್ಳಿ ಡಾಲರ್ ಅಂತ. ಆಕಿ ಮಕ್ಕಳನ್ನ ಉಪವಾಸ ಕೆಡವಬೇಕಿತ್ತೇನ್ರೀ, ನಿಮ್ಮ ಕಡೆಯಿಂದ ದೇಶಭಕ್ತಿ ಸರ್ಟಿಫಿಕೇಟ್ ಇಸ್ಕೊಳ್ಳಾಕ?

ಚುಟುಕ
ಶುರುವಾಯ್ತು 😀

ಲೆಕ್ಕದಪುಸ್ತಕ
ಓದುಗುಳಿಯವರೇ, ಹಣದ ಕಥೆಯನ್ನ ನಡುವಿಂದ ಎತ್ತಿಕೊಂಡಿದ್ದೀರಿ. ಮೊದಲಿಂದ ನೋಡಿ.

1775ರಲ್ಲಿ ಬಾಸ್ಟನ್ ಬಂದರು ಮುಚ್ಚಿ ಹೋಗಿತ್ತು. ಗುಂಡುಸೂಜಿ ಕೂಡ ಸಿಗ್ತಿರಲಿಲ್ಲ. ಏಳೂವರೆ ಶಿಲಿಂಗ್‌ನ ಸೂಜಿ ಇಪ್ಪತ್ತು ಶಿಲಿಂಗ್ ಆಗಿದೆ, ಅಷ್ಟು ಕೊಟ್ರೂ ಇಲ್ಲ, ಫಿಲಡೆಲ್ಫಿಯಾದಿಂದ ಒಂದು ಕಟ್ಟು ಕಳಿಸಿ ಅಂತ ಗಂಡನಿಗೆ ಬರೀತಾಳೆ. ಆ ಕಡೆ ಅವನು ಸ್ವಾತಂತ್ರ್ಯದ ಮಾತಾಡ್ತಿದ್ದಾನೆ, ಈ ಕಡೆ ಸೂಜಿ. ಆಕೆಗೆ ವ್ಯಾಪಾರದ ವಾಸನೆ ಹತ್ತಿದ್ದು ಅಲ್ಲಿಂದ ಅಂತ ನನ್ನ ಅಂದಾಜು.

1778ರಲ್ಲಿ ಗಂಡ ಫ್ರಾನ್ಸ್‌ಗೆ ಹೋದ ಮೇಲೆ ಹೊಸ ದಾರಿ ತೆರೀತು. ನಗದು ಬೇಡ, ಸಾಮಾನು ಕಳಿಸು ಅಂದಳು. ಕರವಸ್ತ್ರ, ರಿಬ್ಬನ್, ಲಿನನ್, ಚಹಾ, ಪಿಂಗಾಣಿ. ಮನೆಗೆ ಬೇಕಾದ್ದು ಇಟ್ಟುಕೊಂಡು ಉಳಿದದ್ದನ್ನ ನೆಂಟರಿಷ್ಟರ ಮೂಲಕ ಮಾರಿಸೋದು. ದಾರಿಯಲ್ಲಿ ಬ್ರಿಟಿಷ್ ಹಡಗುಗಳು ಹಿಡಿದರೆ? ಅದಕ್ಕೂ ಲೆಕ್ಕ ಇಟ್ಟಿದ್ದಳು, ಮೂರರಲ್ಲಿ ಒಂದು ಬಂದು ಮುಟ್ಟಿದರೂ ನನಗೆ ಲಾಭವೇ ಅಂತ. ಎಂಬಿಎ ಮಾಡಿದವರೂ ಇಷ್ಟು ಸಲೀಸಾಗಿ ಹೇಳಲ್ಲ.

ಸಾಲಪತ್ರದ ವಿಷಯ. ಜಾನ್‌ಗೆ ಜಮೀನಿನ ಹುಚ್ಚು. ಪಕ್ಕದ ಹೊಲ, ಜೌಗು, ಕಾಡು, ಯಾವುದು ಬಂದರೂ ಕೊಂಡುಬಿಡು ಅನ್ನೋನು. ಹೊಲದ ಆದಾಯ ಕೂಲಿಗೂ ತೆರಿಗೆಗೂ ಸರಿಹೋಗುತ್ತೆ ಅಂತ ಈಕೆಗೆ ಗೊತ್ತಿತ್ತು, ಹೊಲ ನೋಡಿಕೊಳ್ತಿದ್ದವಳು ಈಕೆ ತಾನೇ. ಸಾಲಪತ್ರಕ್ಕೆ ಮುಖಬೆಲೆ ಮೇಲೆ ನೂರಕ್ಕೆ ಆರು ಬಡ್ಡಿ. ನೂರು ಡಾಲರಿನ ಪತ್ರ ಇಪ್ಪತ್ತೈದಕ್ಕೆ ಸಿಕ್ಕಿತು ಅನ್ಕೊಳ್ಳಿ, ಬಡ್ಡಿ ಸರಿಯಾಗಿ ಬಂದರೆ ಹಾಕಿದ ಹಣಕ್ಕೆ 24% ಆಯ್ತು. 1790ರಲ್ಲಿ ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ ಮುಖಬೆಲೆ ಲೆಕ್ಕದಲ್ಲೇ ಸಾಲ ವಹಿಸಿಕೊಂಡಾಗ ಇಂಥವರಿಗೆಲ್ಲ ಹಬ್ಬ. ಒಂದು ಮಾತು ನೆನಪಿಡಿ, ಆಕೆ ಕೊಂಡ ಹೊತ್ತಿಗೆ ಆ ಸರ್ಕಾರ ಉಳಿಯುತ್ತೋ ಇಲ್ವೋ ಅಂತ ಯಾರಿಗೂ ಗೊತ್ತಿರಲಿಲ್ಲ. ದೇಶದ ಮೇಲೆ ಹಣ ಕಟ್ಟಿದಳು. 1777ರಲ್ಲೇ, ಯುದ್ಧ ಇನ್ನೂ ಯಾವ ಕಡೆ ವಾಲುತ್ತೋ ಅನ್ನುವಾಗ, ಕಾಂಗ್ರೆಸ್‌ನ ಸಾಲಕ್ಕೆ ನೂರು ಪೌಂಡ್ ಹಾಕಿದ್ದವಳು.

ಓದುಗುಳಿ
ಲೆಕ್ಕ ಒಪ್ಪಿದೆ. ನ್ಯಾಯ ಒಪ್ಪಲಿಲ್ಲ. 1790ರಲ್ಲಿ ಕಾಂಗ್ರೆಸ್ ಸದಸ್ಯ ಮ್ಯಾಡಿಸನ್ ಕೇಳಿದ್ದೂ ಇದನ್ನೇ ಅಲ್ವಾ? ಲಾಭದಲ್ಲಿ ಒಂದು ಪಾಲು ಮೊದಲು ಪತ್ರ ಪಡೆದ ಸೈನಿಕನಿಗೂ ಸಿಗಲಿ ಅಂದ. ಕಾಂಗ್ರೆಸ್ ತಳ್ಳಿಹಾಕಿತು. ಆಗಿನ ಕಾಲದ ಮನುಷ್ಯನಿಗೇ ಹೊಳೆದ ನ್ಯಾಯ ಇದು. ನಾನು ಇವತ್ತಿನ ಕನ್ನಡಕ ಹಾಕ್ಕೊಂಡು ಆಕೆಯನ್ನ ನೋಡ್ತಿಲ್ಲ.

ಕಡಲಮೀನು
ಜೆಫರ್ಸನ್ ಆಕೆಗೆ ಉತ್ತರ ಬರೆದದ್ದು ಗೊತ್ತುಂಟಾ ಮಾರಾಯ್ರೇ? ಆಗಾಗ ಸಣ್ಣದೊಂದು ದಂಗೆ ಆದ್ರೆ ನನಗೆ ಇಷ್ಟವೇ, ವಾತಾವರಣಕ್ಕೆ ಬಿರುಗಾಳಿ ಇದ್ದ ಹಾಗೆ ಅಂತ. ಪ್ಯಾರಿಸಿನಲ್ಲಿ ಕೂತು ಹಾಗೆ ಹೇಳುದು ಸುಲಭ ಬಿಡಿ. ಮನೆಯಲ್ಲಿ ನೂರಾರು ಗುಲಾಮರನ್ನು ಇಟ್ಟುಕೊಂಡ ಜನ ಅವರು.

ಪೇಢೆನಗರಿ
ಹೊಡದ್ರಿ ನೋಡ್ರಿ ಸಿಕ್ಸರ್.

ಶಾರದಕ್ಕ
ಗಂಡಸರೆಲ್ಲ ಬಡ್ಡಿ ಲೆಕ್ಕದಲ್ಲೇ ಮುಳುಗಿಬಿಟ್ರಿ. ಅವಳ ಹೆಸರಲ್ಲಿ ಒಂದು ಪೈಸೆ ಇರೋ ಹಾಗಿರಲಿಲ್ಲ, ಅದನ್ನ ಯಾರಾದ್ರೂ ಹೇಳ್ತೀರಾ ಅಂತ ಕಾಯ್ತಿದ್ದೆ.

ಆಗಿನ ಇಂಗ್ಲಿಷ್ ಕಾನೂನಿನ ಪ್ರಕಾರ ಮದುವೆಯಾದ ಹೆಂಗಸಿನ ದುಡಿಮೆ, ಹಣ, ಒಡವೆ ಎಲ್ಲ ಗಂಡನದ್ದು. 1782ರಲ್ಲಿ ವರ್ಮಾಂಟ್‌ನಲ್ಲಿ ಜಮೀನು ಹಿಡಿದಳಲ್ಲ, ತಲಾ 330 ಎಕರೆ, ಗಂಡನ ಹೆಸರಿಗೆ ಒಂದು, ನಾಲ್ಕು ಮಕ್ಕಳ ಹೆಸರಿಗೆ ನಾಲ್ಕು. ಆರಿಸಿದವಳು, ದುಡ್ಡು ಹೊಂದಿಸಿದವಳು ಇವಳು. ಇವಳ ಹೆಸರಿಗೆ ಏನೂ ಇಲ್ಲ. ವರ್ಮಾಂಟ್ ತಂಟೆಗೆ ಇನ್ನು ಹೋಗಬೇಡ ಅಂತ ಅಲ್ಲಿಂದ ಗಂಡನ ಅಪ್ಪಣೆ ಬೇರೆ!

ಆದ್ರೂ ಅವಳು ಒಂದಿಷ್ಟು ಹಣವನ್ನ "ನನ್ನದು ಅಂತ ನಾನು ಕರೆಯೋ ಹಣ" ಅಂತಲೇ ಬರೀತಿದ್ದಳು. ಯೂರೋಪಿಗೆ ಹೋದಾಗ ಚಿಕ್ಕಪ್ಪನ ವರಸೆಯ ಕಾಟನ್ ಟಫ್ಟ್ಸ್ ಕೈಯಲ್ಲಿ ವ್ಯವಹಾರ ಒಪ್ಪಿಸಿದ್ದಳು. 1816ರ ಜನವರಿಯಲ್ಲಿ ಉಯಿಲು ಬರೆದಳು ನೋಡಿ, ಗಂಡ ಬದುಕಿರುವಾಗಲೇ. ಕಾನೂನಿನ ಕಣ್ಣಲ್ಲಿ ಆ ಉಯಿಲಿಗೆ ಬೆಲೆಯೇ ಇಲ್ಲ. ಹಣ, ಬಟ್ಟೆ, ಒಡವೆ ಬಹುಪಾಲು ಮೊಮ್ಮಗಳಂದಿರಿಗೆ, ಸೋದರ ಸೊಸೆಯರಿಗೆ, ಮನೆಗೆಲಸದ ಹೆಣ್ಣುಮಕ್ಕಳಿಗೆ. ಮುದುಕ ಜಾನ್ ಅಡ್ಡಿ ಮಾಡದೆ ನಡೆಸಿಕೊಟ್ಟ. ಓದುಗುಳಿ ತಮ್ಮ, ನಿನ್ನ ಸಾಲಪತ್ರದ ಲಾಭ ಯಾರ ಕೈ ಸೇರಿತು ಅಂತ ಅದನ್ನೂ ಬರಿ.

ಓದುಗುಳಿ
ಅಕ್ಕಾ, ಉಯಿಲಿನ ವಿಷಯ ಗೊತ್ತಿತ್ತು. ಆದರೆ ಸೈನಿಕನ ಹೆಂಡತಿಗೂ ಮೊಮ್ಮಗಳು ಇದ್ದಳಲ್ಲ ಅನ್ನೋದು ನನ್ನ ವಾದ.

ಬಾಸ್ಟನ್‌ವಾಸಿ
ನಾನಿರೋದು ಇಲ್ಲೇ ಹತ್ತಿರ. ಊರಿಂದ ಅಪ್ಪ ಅಮ್ಮ ಬಂದಾಗಲೆಲ್ಲ ಕ್ವಿನ್ಸಿಗೆ ಕರ್ಕೊಂಡು ಹೋಗೋದು ಮಾಮೂಲು (ಬ್ರೇಂಟ್ರಿಯ ಆ ಭಾಗವೇ 1792ರಲ್ಲಿ ಕ್ವಿನ್ಸಿ ಆಯ್ತು). ರಸ್ತೆ ಬದಿಗೆ ಅಕ್ಕಪಕ್ಕ ಎರಡು ಮರದ ಮನೆ, ಹಿಂದಕ್ಕೆ ಇಳಿಜಾರಾದ ಸೂರು. ಒಂದರಲ್ಲಿ ಅಪ್ಪ ಅಧ್ಯಕ್ಷ ಹುಟ್ಟಿದ್ದು, ಇನ್ನೊಂದರಲ್ಲಿ ಮಗ ಅಧ್ಯಕ್ಷ. ಎರಡನೇ ಮನೆಯ ಮುಂದಿನ ಕೋಣೆ ಜಾನ್‌ನ ವಕೀಲಿ ಕಚೇರಿ, ಅದಕ್ಕೆ ರಸ್ತೆ ಕಡೆಯಿಂದ ಬೇರೆ ಬಾಗಿಲು. ಕಕ್ಷಿದಾರರು ಅಡುಗೆಮನೆ ದಾಟಿ ಬರೋದು ಬೇಡ ಅಂತ. ನಮ್ಮಮ್ಮ ನೋಡಿ ಹೇಳಿದ್ದು ಒಂದೇ ಮಾತು: "ಇಷ್ಟು ಸಣ್ಣ ಮನೇಲಿ ಇಷ್ಟೆಲ್ಲ ಆಯ್ತಾ?"

ಆಯ್ತು. ಅಲ್ಲಿಂದ ಸ್ವಲ್ಪ ದೂರದಲ್ಲೇ ಪೆನ್ಸ್ ಗುಡ್ಡ. 1775ರ ಜೂನ್ 17ರಂದು ಬಂಕರ್ ಹಿಲ್ ಕದನದ ಫಿರಂಗಿ ಸದ್ದು ಕೇಳಿ ಏಳು ವರ್ಷದ ಜಾನ್ ಕ್ವಿನ್ಸಿಯನ್ನ ಕರ್ಕೊಂಡು ಆ ಗುಡ್ಡ ಹತ್ತಿದ್ದಳು. ಚಾರ್ಲ್ಸ್‌ಟೌನ್ ಉರಿಯೋದು ಕಂಡಿತು. ಮನೆ ವೈದ್ಯ ಜೋಸೆಫ್ ವಾರೆನ್ ಆ ಕದನದಲ್ಲೇ ಸತ್ತ, ಹುಡುಗನ ಮುರಿದ ಬೆರಳನ್ನ ಕತ್ತರಿಸದೆ ಉಳಿಸಿಕೊಟ್ಟವನು. ಮಗ ಮುದುಕನಾದ ಮೇಲೂ ಆ ದಿನದ ಬಗ್ಗೆ ಬರೆದಿದ್ದಾನೆ. ತವರದ ಚಮಚ ಕರಗಿಸಿ ಸೈನಿಕರಿಗೆ ಗುಂಡು ಮಾಡಿಕೊಟ್ಟಳು ಅನ್ನೋದು ಆ ಮನೆತನದಲ್ಲಿ ಹೇಳಿಕೊಂಡು ಬಂದ ಕಥೆ.

ಚಮಚಕ್ಕಿಂತ ನನಗೆ ಆ ವರ್ಷದ ಮಳೆಗಾಲ ಕಳೆದ ಮೇಲಿನ ಪತ್ರಗಳು ದೊಡ್ಡದು. ಊರಿಗೆಲ್ಲ ರಕ್ತಭೇದಿ. ಮೈದುನ ಎಲೈಹು ಆಗಸ್ಟ್‌ನಲ್ಲಿ ಹೋದ. ಆಳು ಐಸಾಕ್ ಬಿದ್ದ, ಈಕೆ ಬಿದ್ದಳು, ಮೂರು ವರ್ಷದ ಟಾಮಿ ಬಿದ್ದ, ಕೆಲಸದ ಹುಡುಗಿ ಪ್ಯಾಟಿ ಬಿದ್ದಳು. ಮಗಳ ಆರೈಕೆಗೆ ಬರ್ತಿದ್ದ ತಾಯಿಗೆ ಅಂಟಿ ಅಕ್ಟೋಬರ್ 1ಕ್ಕೆ ತೀರಿಕೊಂಡರು, ಆಮೇಲೆ ಪ್ಯಾಟಿ. ಗಂಡ ಫಿಲಡೆಲ್ಫಿಯಾದಲ್ಲಿ. ವಾಪಸ್ ಬಾ ಅಂತ ಹಟ ಹಿಡಿಯಲಿಲ್ಲ. ಮಾರನೇ ವರ್ಷ ಜುಲೈಯಲ್ಲಿ ನಾಲ್ಕು ಮಕ್ಕಳಿಗೂ ಸಿಡುಬಿನ ಚುಚ್ಚು ಹಾಕಿಸೋಕೆ ಬಾಸ್ಟನ್‌ಗೆ ಹೋದಳು. ಅಲ್ಲಿರುವಾಗಲೇ 18ನೇ ತಾರೀಕು ಸ್ವಾತಂತ್ರ್ಯ ಘೋಷಣೆಯನ್ನ ಸರ್ಕಾರಿ ಭವನದ ಬಾಲ್ಕನಿಯಿಂದ ಓದಿದ್ದನ್ನ ಜನರ ನಡುವೆ ನಿಂತು ಕೇಳಿದಳು. 1777ರ ಜುಲೈಯಲ್ಲಿ ಹೆಣ್ಣು ಮಗು ಹೊಟ್ಟೆಯಲ್ಲೇ ಸತ್ತು ಹುಟ್ಟಿತು. ಆಗಲೂ ಗಂಡ ಊರಲ್ಲಿಲ್ಲ. ಸಾಲಪತ್ರದ ತಕ್ಕಡಿಯಲ್ಲಿ ಇದನ್ನೂ ಹಾಕಿ ತೂಗಿ ಸ್ವಾಮಿ.

ಟೀಕಾಫಿ_ಮೈಸೂರು
ಅದೇ 1777ರ ಜುಲೈ ಪತ್ರದಲ್ಲಿ ಕಾಫಿ ಗಲಾಟೆ ಇದೆ, ಯಾರೂ ಹೇಳ್ಲೇ ಇಲ್ವಲ್ಲ! ಬಾಸ್ಟನ್‌ನ ಒಬ್ಬ ಸಿರಿವಂತ, ಜಿಪುಣ, ಬ್ರಹ್ಮಚಾರಿ ವ್ಯಾಪಾರಿ ಕಾಫಿ ಬೀಜ ಬಚ್ಚಿಟ್ಟುಕೊಂಡು ಪೌಂಡಿಗೆ ಆರು ಶಿಲಿಂಗ್‌ಗಿಂತ ಕಮ್ಮಿಗೆ ಕೊಡಲ್ಲ ಅಂತ ಕೂತಿದ್ದ. ನೂರೋ ಅದಕ್ಕೂ ಹೆಚ್ಚೋ ಹೆಂಗಸರು ಗಾಡಿ ತಳ್ಕೊಂಡು ಗೋದಾಮಿಗೆ ಬಂದರು. ಬೀಗದಕೈ ಕೊಡು ಅಂದರು. ಕೊಡಲ್ಲ ಅಂದ. ಒಬ್ಬಾಕೆ ಕುತ್ತಿಗೆ ಹಿಡಿದು ಎತ್ತಿ ಗಾಡಿಗೆ ಒಗೆದಳು. ಬೀಗದಕೈ ಬಂತು, ಗಾಡಿ ಬಗ್ಗಿಸಿ ಅವನನ್ನ ಕೆಳಗೆ ಸುರಿದರು, ತಾವೇ ಕಾಫಿ ಎತ್ತಿ ಹೇರಿಕೊಂಡು ಹೊರಟರು. ಗಂಡಸರ ದೊಡ್ಡ ಗುಂಪು ಬಾಯಿ ಬಿಟ್ಕೊಂಡು ನೋಡ್ತಾ ನಿಂತಿತ್ತಂತೆ.

ತಮಾಷೆ ಅಂದ್ರೆ ಆ ವ್ಯಾಪಾರಿ ಥಾಮಸ್ ಬಾಯ್ಲ್‌ಸ್ಟನ್, ಜಾನ್ ಆಡಮ್ಸ್ ತಾಯಿ ಕಡೆಯ ನೆಂಟ. ನೆಂಟನಿಗೆ ಆದ ಗತಿಯನ್ನ ಗಂಡನಿಗೆ ಚಪ್ಪರಿಸಿಕೊಂಡು ಬರೀತಾಳೆ.

ಚುಟುಕ
ಕಾಫಿಗೋಸ್ಕರ ಅಂದ್ರೆ ಮೈಸೂರಿನವರು ಯಾವ ಕಾಲಕ್ಕೂ ಬೆಂಬಲ ಕೊಡ್ತೀರಾ.

ಟೀಕಾಫಿ_ಮೈಸೂರು
ನಗಬೇಡಿ, ಮೈಸೂರಿಗೂ ಆ ಕ್ರಾಂತಿಗೂ ನಂಟಿದೆ. 1769ರಲ್ಲಿ ಹೈದರಾಲಿ ಮದ್ರಾಸಿನ ಬಾಗಿಲಿಗೆ ಬಂದ. ಆ ವರ್ಷ ಮೈಸೂರಿನ ಯುದ್ಧದ ಸುದ್ದಿಗೆ ಲಂಡನ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿ ಷೇರು ಬಿತ್ತು. ಅದರ ಬೆನ್ನಿಗೆ ಬಂಗಾಳದ ಬರಗಾಲ, ಸಾಲ. ಮುಳುಗ್ತಿದ್ದ ಕಂಪನಿಯನ್ನ ಎತ್ತೋಕೆ 1773ರಲ್ಲಿ ಮಾಡಿದ ಚಹಾ ಕಾಯ್ದೆಯೇ ಬಾಸ್ಟನ್‌ನಲ್ಲಿ ಚಹಾ ಸಮುದ್ರಕ್ಕೆ ಬೀಳೋಕೆ ಕಾರಣ. ಸಾಲದ್ದಕ್ಕೆ ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಗೆ "ಹೈದರ್ ಅಲಿ" ಅಂತಲೇ ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಅದು "ಜನರಲ್ ಮಂಕ್" ಅನ್ನೋ ಬ್ರಿಟಿಷ್ ಹಡಗನ್ನ ಹಿಡಿದು ಹಾಕಿತು.

ಕಡಲಮೀನು
ಆಹಾ, ಶ್ರೀರಂಗಪಟ್ಟಣ ಬಾರದೆ ನಮ್ಮಲ್ಲಿ ಯಾವ ಚರ್ಚೆಯೂ ಮುಗಿಯುದಿಲ್ಲ.

ನಿರ್ವಾಹಕ
ಹೈದರ್ ಹಡಗಿನ ಬಗ್ಗೆ ಪ್ರತ್ಯೇಕ ಎಳೆ ತೆರೆಯಿರಿ. ಇಲ್ಲಿ ಹದಿನೆಂಟು ಪ್ರತಿಕ್ರಿಯೆ ಅಳಿಸೋ ಕೆಲಸ ನನಗೆ ಕೊಡಬೇಡಿ.

ಶಾರದಕ್ಕ
ಮಕ್ಕಳ ವಿಷಯಕ್ಕೆ ಬನ್ನಿ. ದೇಶ ಕಟ್ಟಿದ್ದಕ್ಕೆ ಆ ಮನೆ ಕೊಟ್ಟ ಬೆಲೆ ಅಲ್ಲಿದೆ.

ಹಿರಿಯ ಮಗ ಹತ್ತನೇ ವಯಸ್ಸಿಗೇ ಅಪ್ಪನ ಜೊತೆ ಹಡಗು ಹತ್ತಿದ. ಎರಡನೇ ಸಲ 1779ರಲ್ಲಿ ಹೋಗುವಾಗ ಎರಡನೇ ಮಗ ಚಾರ್ಲ್ಸ್‌ನನ್ನೂ ಕರ್ಕೊಂಡು ಹೋದರು. ಆ ಹುಡುಗ ಮನೆ ನೆನೆದು ಅಳುತ್ತಾ ವಾಪಸ್ ಹೊರಟು, ಹಡಗು ಸ್ಪೇನ್‌ನಲ್ಲಿ ಸಿಕ್ಕಿ, ಊರು ಮುಟ್ಟಿದ್ದು 1782ರ ಜನವರಿಯಲ್ಲಿ. ಹನ್ನೊಂದು ವರ್ಷ ಅಷ್ಟೇ. ಮುಂದೆ ವಕೀಲನಾದ, ಕುಡಿತಕ್ಕೆ ಬಿದ್ದ, ಅಣ್ಣ ನಂಬಿ ಕೊಟ್ಟ ಹಣ ಕಳೆದ. ಅಪ್ಪ ಇವನು ನನ್ನ ಮಗನಲ್ಲ ಅಂದುಬಿಟ್ಟ, ಮತ್ತೆ ಮುಖ ನೋಡಲಿಲ್ಲ. ತಾಯಿ 1800ರ ನವೆಂಬರ್‌ನಲ್ಲಿ ವಾಷಿಂಗ್ಟನ್‌ಗೆ ಹೋಗೋ ದಾರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಇಳಿದು ನೋಡಿದಳು, ತಿಂಗಳ ಕೊನೆಗೆ ಅವನು ಹೋದ. ಅವಳ ಒಡಹುಟ್ಟಿದವನೂ ಕುಡಿದೇ ಹಾಳಾಗಿದ್ದ. ಕಿರಿಯವ ಥಾಮಸ್‌ಗೂ ಅದೇ ಚಾಳಿ.

ಮಗಳು ನ್ಯಾಬಿ. ರಾಯಲ್ ಟೈಲರ್ ಅನ್ನೋ ಹುಡುಗ ಕೇಳಿದ್ದ, ಗಾಳಿಗೋಪುರದವನು ಅಂತ ಅಪ್ಪನಿಗೆ ಅನುಮಾನ. ಆ ಸಂಬಂಧ ಮುರೀತು. ಲಂಡನ್‌ನಲ್ಲಿ 1786ರಲ್ಲಿ ಕರ್ನಲ್ ವಿಲಿಯಂ ಸ್ಮಿತ್‌ಗೆ ಕೊಟ್ಟರು. ಬೇಡ ಅಂದ ಹುಡುಗ ಮುಂದೆ ವರ್ಮಾಂಟ್‌ನ ಮುಖ್ಯ ನ್ಯಾಯಮೂರ್ತಿ ಆದ, ಬೇಕು ಅಂದ ಅಳಿಯ ಸಟ್ಟಾ ವ್ಯವಹಾರ ಮಾಡಿ ಸಾಲಕ್ಕೆ ಜೈಲು ಕಂಡ. ಜಾತಕ ನೋಡಿ ಕೊಟ್ಟಿದ್ರೂ ಇದಕ್ಕಿಂತ ಕೆಟ್ಟದಾಗ್ತಿರಲಿಲ್ಲ ಬಿಡಿ.

ಆಮೇಲೆ ನ್ಯಾಬಿಗೆ ಸ್ತನ ಕ್ಯಾನ್ಸರ್. ಡಾಕ್ಟರ್ ಬೆಂಜಮಿನ್ ರಶ್‌ಗೆ ಪತ್ರ ಬರೆದು ಕೇಳಿದರೆ ಕತ್ತಿಯೇ ದಾರಿ ಅಂದ. 1811ರ ಅಕ್ಟೋಬರ್ 8, ಕ್ವಿನ್ಸಿಯ ಮನೆಯಲ್ಲೇ, ಅರಿವಳಿಕೆ ಅನ್ನೋದು ಹುಟ್ಟೇ ಇರಲಿಲ್ಲ. ಕೊಯ್ದವನು ಡಾಕ್ಟರ್ ಜಾನ್ ವಾರೆನ್, ಬಂಕರ್ ಹಿಲ್‌ನಲ್ಲಿ ಸತ್ತ ಆ ಜೋಸೆಫ್ ವಾರೆನ್‌ನ ತಮ್ಮ. ಎರಡು ವರ್ಷಕ್ಕೆ ರೋಗ ಮರುಕಳಿಸಿತು. ನ್ಯೂಯಾರ್ಕ್ ಕಡೆಯ ಹಳ್ಳಿಯಿಂದ ಕುಲುಕಾಡೋ ಗಾಡಿಯಲ್ಲಿ ತಾಯಿ ಮನೆಗೆ ಬಂದು 1813ರ ಆಗಸ್ಟ್‌ನಲ್ಲಿ ಕಣ್ಣು ಮುಚ್ಚಿದಳು.

ಪೇಢೆನಗರಿ
ಅಕ್ಕಾರ, ಇದನ್ನ ಓದಿ ಚಾ ಕೆಳಗ ಇಟ್ಟೆ.

ಲೆಕ್ಕದಪುಸ್ತಕ
ಶಾರದಕ್ಕ ಹೇಳಿದ ಮೇಲೆ ಹಣದ ಮಾತು ಆಡೋಕೆ ಸಂಕೋಚ ಆಗುತ್ತೆ. ಆದರೂ: ಅಳಿಯ ದಿವಾಳಿ, ಒಬ್ಬ ಮಗ ತೀರಿಹೋದ, ಮೊಮ್ಮಕ್ಕಳು ಅಜ್ಜಿ ಮನೆಯಲ್ಲಿ. ಮನೆ ನಡೆದದ್ದು ಯಾವ ದುಡ್ಡಿನಿಂದ?

ಕಡಲಮೀನು
ನನಗೆ ಬೇರೆಯೇ ಪ್ರಶ್ನೆ. ಗುಲಾಮರ ವಿಷಯದಲ್ಲಿ ಆಕೆ ಹೇಗೆ? ಅಪ್ಪ ಪಾದ್ರಿ ವಿಲಿಯಂ ಸ್ಮಿತ್ ಮನೆಯಲ್ಲಿ ಗುಲಾಮರು ಇದ್ದರು ಅಂತ ಉಂಟಲ್ಲ.

ಬಾಸ್ಟನ್‌ವಾಸಿ
ಇದ್ದರು. ಫೀಬಿ ಅನ್ನೋ ಹೆಣ್ಣುಮಗಳು ಆಕೆ ಬೆಳೆದ ಮನೆಯಲ್ಲೇ ಇದ್ದಳು. 1783ರಲ್ಲಿ ಅಪ್ಪ ಸತ್ತಾಗ ಉಯಿಲಿನಲ್ಲಿ ಬಿಡುಗಡೆ ಆಯ್ತು. ಮಾರನೇ ವರ್ಷ ಅಬಿಗೇಲ್ ಯೂರೋಪಿಗೆ ಹೊರಟಾಗ ಮನೆಯ ಉಸ್ತುವಾರಿ ಒಪ್ಪಿಸಿದ್ದು ಫೀಬಿ ಮತ್ತು ಆಕೆಯ ಗಂಡನಿಗೆ. 1774ರಲ್ಲೇ ಗಂಡನಿಗೆ ಬರೆದಿದ್ದಳು: ಈ ಪ್ರಾಂತದಲ್ಲಿ ಒಬ್ಬ ಗುಲಾಮನೂ ಇರಬಾರದು, ನಮ್ಮಷ್ಟೇ ಹಕ್ಕಿರೋರಿಂದ ದಿನಾ ಕಿತ್ತುಕೊಳ್ತಿರೋ ಸ್ವಾತಂತ್ರ್ಯಕ್ಕೆ ನಾವು ಹೋರಾಡೋದು ಅನ್ಯಾಯ ಅಂತ. 1797ರಲ್ಲಿ ಮನೆಯ ಕಪ್ಪು ಹುಡುಗ ಜೇಮ್ಸ್‌ನನ್ನ ಊರ ಶಾಲೆಗೆ ಕಳಿಸಿದಾಗ, ಅವನು ಬಂದರೆ ಬೇರೆ ಹುಡುಗರು ಬರಲ್ಲ ಅಂತ ನೆರೆಯವನೊಬ್ಬ ಹೇಳೋಕೆ ಬಂದ. ಚರ್ಚಿಗೆ ಅವನ ಜೊತೆ ಹೋಗ್ತಾರೆ, ಕುಣಿತಕ್ಕೆ ಅವನು ಪಿಟೀಲು ಬಾರಿಸಿದರೆ ಆಗುತ್ತೆ, ಶಾಲೆಗೆ ಯಾಕಾಗಲ್ಲ, ಅವರನ್ನೇ ನನ್ನ ಹತ್ತಿರ ಕಳಿಸು ಅಂದಳು. ಆಮೇಲೆ ಯಾರೂ ಸೊಲ್ಲೆತ್ತಲಿಲ್ಲ.

ಓದುಗುಳಿ
ಈ ಜೇಮ್ಸ್ ಪ್ರಸಂಗ ಚೆನ್ನಾಗಿದೆ. ಆಕೆ ಗಂಡನಿಗೆ ಬರೆದ "ಹೆಂಗಸರನ್ನು ನೆನಪಿಡಿ" ಅನ್ನೋ ಆ ಹೆಸರಾದ ಸಾಲಿಗಿಂತ ನೂರು ಪಾಲು ಮೇಲು.

ಶಾರದಕ್ಕ
ಆ ಸಾಲಿಗೇನಾಗಿದೆ? 1776ರ ಮಾರ್ಚ್ 31ರಂದು ಅವಳು ಮತದಾನ ಕೇಳಲಿಲ್ಲ. ಹೊಸ ಕಾನೂನು ಬರೀವಾಗ ಗಂಡಂದಿರ ಕೈಗೆ ಲಂಗುಲಗಾಮಿಲ್ಲದ ಅಧಿಕಾರ ಕೊಡಬೇಡಿ ಅಂದಳು. ಜಾನ್ ನನಗೆ ನಗು ಬರುತ್ತೆ ಅಂತ ಉತ್ತರ ಬರೆದ. ಸುಮ್ಮನಾಗದೆ ಗೆಳತಿ ಮರ್ಸಿ ಓಟಿಸ್ ವಾರೆನ್‌ಗೆ ಪತ್ರ ಹಾಕಿ, ಇಬ್ಬರೂ ಸೇರಿ ಕಾಂಗ್ರೆಸ್‌ಗೆ ಅರ್ಜಿ ಹಾಕೋಣ ಅಂದಳು. ಅರ್ಜಿ ಹೋಗಲಿಲ್ಲ. 1797ರಲ್ಲಿ, ನ್ಯೂಜೆರ್ಸಿಯಲ್ಲಿ ಆಸ್ತಿವಂತ ಹೆಂಗಸರು ಮತ ಹಾಕ್ತಿದ್ದಾಗ, ನಮ್ಮ ರಾಜ್ಯದ ಸಂವಿಧಾನವೂ ಹಾಗಿದ್ದಿದ್ರೆ ನಾನೂ ಹಾಕ್ತಿದ್ದೆ ಅಂತ ಅಕ್ಕನಿಗೆ ಬರೆದಳು.

ಟೀಕಾಫಿ_ಮೈಸೂರು
ಮರ್ಸಿ ಬಗ್ಗೆ ಬರೀರಿ ಯಾರಾದ್ರೂ. ಆಯಮ್ಮ 1805ರಲ್ಲಿ ಮೂರು ಸಂಪುಟ ಕ್ರಾಂತಿಯ ಇತಿಹಾಸ ಬರೆದು, ಜಾನ್‌ಗೆ ರಾಜರ ಕಡೆ ಒಲವು ಅಂದಿದ್ದಕ್ಕೆ ಅವನು 1807ರಲ್ಲಿ ಪತ್ರದ ಮೇಲೆ ಪತ್ರ ಬರೆದು ಕೂಗಾಡಿದ. ಇಬ್ಬರಿಗೂ ಗೆಳೆಯನಾದ ಎಲ್‌ಬ್ರಿಡ್ಜ್ ಗೆರಿ ನಡುವೆ ಬಂದು 1812ರಲ್ಲಿ ರಾಜಿ ಮಾಡಿಸಬೇಕಾಯ್ತು.

ಪೇಢೆನಗರಿ
ಇಷ್ಟ್ ಹೇಳಿದ ಮ್ಯಾಲೆ ಒಂದು ಕೇಳ್ತೀನ್ರಿ. ಪತ್ರ ಓದಬೇಕಂದ್ರ ಎಲ್ಲಿಂದ ಶುರು ಮಾಡ್ಲಿ? ಸಾವಿರ ಪತ್ರ ಅಂದ್ರ ನಂಗ ರಿಟೈರ್ ಆಗಬೇಕು.

ಓದುಗುಳಿ
ಮದುವೆಗೆ ಮುಂಚಿನದ್ದು ಬಿಡಿ. 1775ರ ಜೂನ್‌ನಿಂದ ಹಿಡೀರಿ, ಅಕ್ಟೋಬರ್‌ವರೆಗೆ ಬಿಡೋಕಾಗಲ್ಲ. ಆಮೇಲೆ 1782ರ ವರ್ಮಾಂಟ್ ಜಗಳಕ್ಕೆ ಹಾರಿ. ನನ್ನ ಸಾಲಪತ್ರದ ತಕರಾರು ಇನ್ನೂ ನಿಂತಿದೆ, ಅದಕ್ಕೆ ಟಫ್ಟ್ಸ್‌ಗೆ ಬರೆದವೂ ಬೇಕು.

ಬಾಸ್ಟನ್‌ವಾಸಿ
ಜಾನ್ ಉತ್ತರಗಳನ್ನ ದಾಟಿಸಿಬಿಡಬೇಡಿ. ಅವಳು ಎರಡು ಹಾಳೆ ಬರೆದರೆ ಅವನದ್ದು ನಾಲ್ಕು ಸಾಲು, ಪತ್ರ ದಾರಿಯಲ್ಲಿ ಶತ್ರುಗಳ ಕೈಗೆ ಸಿಗುತ್ತೆ ಅನ್ನೋ ನೆವ. ಅವಳು ಬೈದ ಮೇಲೆ ಬರೋ ಪತ್ರ ಮಾತ್ರ ಉದ್ದ ಇರುತ್ತೆ.